ಶ್ರವಣ, ಮನನ, ಶೀಲ : ಭೀಮಾತೀರದ ಒಂದು ಪಾಠ

ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಮತ್ತೊಂದು ಚಾತುರ್ಮಾಸ್ಯವು ಸಮೀಪಿಸುತ್ತಿದೆ. ಆಷಾಢ ಬಹುಳ ಪಂಚಮಿಯಂದು ಶ್ರೀಮಟ್ಟೀಕಾಕೃತ್ಪಾದರಾದ ಶ್ರೀಜಯತೀರ್ಥರ ಆರಾಧನೆ. ಆಳಂದ, ಅಫಜಲಪುರ, ಜೇವರ್ಗಿಗಳ ಸಜ್ಜನರು ಎಂದಿನಂತೆ ಮಳಖೇಡದ ದಾರಿ ಹಿಡಿಯುವ ದಿನಗಳಿವು. ಈ ಸಂದರ್ಭದಲ್ಲಿ ನಾವು ಓದುಗರ ಮುಂದೆ ಒಂದು ಹಳೆಯ ಸಾಲವನ್ನು ತೀರಿಸಬೇಕಾಗಿದೆ.

ಹಿಂದೊಂದು ಆರಾಧನೆಯ ಉಪನ್ಯಾಸವು ಮುಗಿದು ಮಂಗಳಾರತಿಗೆ ಎಲ್ಲರೂ ಏಳುತ್ತಿರುವಾಗ, ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹೆಣ್ಣುಮಗಳು ಎದ್ದುನಿಂತು ಕೇಳಿದಳು: "ಆಚಾರ್ಯರೇ, ನಮ್ಮ ದೇಶದಾಗ ಇಷ್ಟು ದೊಡ್ಡ ಧರ್ಮ, ಇಷ್ಟು ದೊಡ್ಡ ದರ್ಶನ ಇದ್ದು ಜನರ ಸ್ವಭಾವ ಏನು ಸುಧಾರಿಸಿತು? ಸುಧೆಯ ಹೆಸರು ಹೇಳೋ ಮನೆಯಾಗೂ ಅಣ್ಣತಮ್ಮಂದಿರು ಹೊಲದ ಸಲುವಾಗಿ ಕೋರ್ಟಿಗೆ ಹೋಗ್ತಾರಲ್ಲ?" ಹಿರಿಯರೊಬ್ಬರು "ಎಲಿ ಹಾಕ್ಯಾರ, ಮೊದಲು ಪ್ರಸಾದ ತಗೋ, ಏಳವ್ವಾ" ಎಂದರು. ಸಭೆಯು ನಕ್ಕಿತು. ನಾವೂ ನಕ್ಕೆವು. ಆ ಮಗಳು ಸುಮ್ಮನೆ ಕುಳಿತಳು. ಮರುವರ್ಷ ಆಕೆ ಆರಾಧನೆಗೆ ಬರಲಿಲ್ಲ.

ಅಂದು ನಾವು ಮಾಡಿದುದು ತಪ್ಪು. ಆ ಪ್ರಶ್ನೆಗೆ ಉತ್ತರವಿಲ್ಲದೆ ನಾವು ನಕ್ಕುದಲ್ಲ; ಉತ್ತರವನ್ನು ಹುಡುಕುವ ಶ್ರಮವನ್ನು ತಪ್ಪಿಸಿಕೊಳ್ಳಲು ನಕ್ಕೆವು. ಈ ಲೇಖನವು ಆಕೆಗೆ ಸಲ್ಲಬೇಕಾದ ಉತ್ತರ. ದೂರದ ಕಾಶಿ, ತಕ್ಷಶಿಲೆಗಳ ಉದಾಹರಣೆಗಳಿಗೆ ಹೋಗದೆ ನಮ್ಮ ಮನೆಯಂಗಳದ ಸಾಕ್ಷ್ಯಗಳಿಂದಲೇ ಈ ವಿಷಯವನ್ನು ವಿಚಾರಿಸೋಣ.

ಮೂರು ತಾಲ್ಲೂಕು, ಒಂದು ನೀರು

ಆಳಂದ ತಾಲ್ಲೂಕಿನ ಎತ್ತರದ ನೆಲದಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಶ್ರೀನೃಸಿಂಹ ಸರಸ್ವತಿಗಳು ನೆಲೆಸಿದ ಆ ದತ್ತಕ್ಷೇತ್ರವನ್ನು ಅರಿಯದವರು ವಿರಳ. ಪಂಢರಪುರದಲ್ಲಿ ವಿಠಲನ ಪಾದದ ಬಳಿ ಹರಿದು ಬಂದ ಭೀಮೆಯೇ ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಶ್ರೀಮಾಧವತೀರ್ಥರ ಬೃಂದಾವನದ ಸಮೀಪದಲ್ಲಿ ಹರಿಯುತ್ತಾಳೆ. ಮುಂದೆ ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿದರೆ ಜೇವರ್ಗಿಯ ಕಪ್ಪು ನೆಲ. ಅಲ್ಲಿಂದ ಕೆಳಗೆ, ಮಳಖೇಡವನ್ನು ಬಳಸಿ ಬರುವ ಕಾಗಿಣಾ ನದಿಯು ಭೀಮೆಯೊಡನೆ ಕೂಡುತ್ತದೆ. ಇನ್ನೂ ಕೆಳಗೆ ಸನ್ನತಿ.

ಈ ನೀರಿನ ದಡಗಳಲ್ಲಿ ಬೌದ್ಧರು, ಜೈನರು, ಶೈವರು, ಶರಣರು, ವೈಷ್ಣವರು, ಸೂಫಿಗಳು ಎಲ್ಲರೂ ಬಾಳಿದ್ದಾರೆ. ಹೀಗೆ ಹಲವು ಮತಗಳು ಒಂದೇ ನೀರನ್ನು ಕುಡಿದ ನೆಲದಲ್ಲಿ ಜನರ ಶೀಲವು ಹೇಗೆ ರೂಪುಗೊಂಡಿತೆಂಬುದೇ ನಮ್ಮ ವಿಚಾರದ ವಿಷಯ.

ಶಾಸ್ತ್ರವು ಜ್ಞಾನಕ್ಕೆ ಶ್ರವಣ, ಮನನ, ನಿದಿಧ್ಯಾಸನವೆಂಬ ಮೂರು ಮೆಟ್ಟಿಲುಗಳನ್ನು ಹೇಳಿದೆ. ಗುರುಮುಖದಿಂದ ಕೇಳುವುದು ಶ್ರವಣ. ಕೇಳಿದುದನ್ನು ಯುಕ್ತಿಯಿಂದ ತೂಗಿ ನೋಡುವುದು ಮನನ. ನಿಶ್ಚಯವಾದುದರಲ್ಲಿ ಎಡೆಬಿಡದೆ ಮನಸ್ಸನ್ನು ನಿಲ್ಲಿಸುವುದು ನಿದಿಧ್ಯಾಸನ. ಇವು ಮುಮುಕ್ಷುವಿಗೆ ವಿಹಿತವಾದ ಸಾಧನಗಳೆಂಬುದು ನಿಜ. ಆದರೆ ಇವುಗಳ ನೆರಳು ಲೋಕವ್ಯವಹಾರದ ಮೇಲೆಯೂ ಬಿದ್ದಿದೆ. ಕೇಳುವ ತಾಳ್ಮೆ, ತೂಗುವ ನ್ಯಾಯ, ನಿಲ್ಲುವ ನಿಯಮ ಎಂಬ ಮೂರು ಗುಣಗಳಾಗಿ ಅವು ಸಾಮಾನ್ಯರ ಬಾಳಿಗೂ ಇಳಿದು ಬಂದಿವೆ.

ಕೇಳುವ ತಾಳ್ಮೆ

ಸನ್ನತಿಯ ಶ್ರೀಚಂದ್ರಲಾಂಬಾ ದೇವಾಲಯದ ಪ್ರಾಕಾರದಲ್ಲಿ 1986ರಲ್ಲಿ ಜೀರ್ಣೋದ್ಧಾರದ ಕಾಲಕ್ಕೆ ಒಂದು ದೇವಿಯ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಾಣಿಸಿದವು. ಪರೀಕ್ಷಿಸಿದಾಗ ಅದು ಅಶೋಕನ ಶಾಸನವೆಂದು ತಿಳಿಯಿತು. ಅದರಲ್ಲಿರುವ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದು, ನಾಲಗೆಯನ್ನು ಬಿಗಿಹಿಡಿಯಬೇಕು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಅದರ ತಾತ್ಪರ್ಯ. ಬೌದ್ಧ ಅರಸನ ಆ ಕಲ್ಲು ದೇವಿಯ ಪಾದದಡಿಯಲ್ಲಿ ಎಷ್ಟೋ ಕಾಲ ಪೂಜೆಯ ನೀರನ್ನು ಕುಡಿಯುತ್ತ ಉಳಿದು ಬಂದುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ಅನಂತರ ಕ್ರಿಸ್ತಶಕ 9ನೆಯ ಶತಮಾನದಲ್ಲಿ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದು. ಕಾವ್ಯದ ಲಕ್ಷಣವನ್ನು ಹೇಳಹೊರಟ ಆ ಗ್ರಂಥವು, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತೆಂಬ ಮಾತನ್ನು ಹೇಳಿದೆ. ಜೈನಧರ್ಮದಲ್ಲಿ ನಿಷ್ಠೆಯಿದ್ದ ಅರಸನ ಆಶ್ರಯದಲ್ಲಿ ಹುಟ್ಟಿದ ಈ ಮಾತು ಕನ್ನಡಿಗರೆಲ್ಲರ ಸೊತ್ತಾಯಿತು.

ಅದಾದ ಐದು ಶತಮಾನಗಳ ಬಳಿಕ ಅದೇ ಮಳಖೇಡದ ಮಣ್ಣು ನಮ್ಮ ಸಂಪ್ರದಾಯದ ಇತಿಹಾಸದಲ್ಲಿ ಪವಿತ್ರವಾಯಿತು. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀಅಕ್ಷೋಭ್ಯತೀರ್ಥರ ಬೃಂದಾವನವು ಅಲ್ಲಿದೆ. ಅವರ ಶಿಷ್ಯರಾದ ಶ್ರೀಜಯತೀರ್ಥರು 14ನೆಯ ಶತಮಾನದ ಉತ್ತರಾರ್ಧದಲ್ಲಿ ಆಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ರಚಿಸಿದರು. ಅದೆಂಥ ಕಾಲವೆಂಬುದನ್ನು ನೆನೆಯಬೇಕು. 1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾಯಿತು. ವಿಜಯನಗರಕ್ಕೂ ಬಹಮನಿಗೂ ಯುದ್ಧಗಳು ನಡೆಯುತ್ತಿದ್ದವು. ಸೈನ್ಯಗಳು ಓಡಾಡುತ್ತಿದ್ದ ಆ ನೆಲದಲ್ಲಿ ಕುಳಿತು ಶ್ರೀಟೀಕಾರಾಯರು ಅನುವ್ಯಾಖ್ಯಾನಕ್ಕೆ ನ್ಯಾಯಸುಧೆಯನ್ನು, ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರಕಾಶಿಕೆಯನ್ನು ಬರೆದರು.

ನ್ಯಾಯಸುಧೆಯ ಪಾಠವನ್ನು ಕೇಳಿದವರಿಗೆ ಅದರ ಕ್ರಮವು ತಿಳಿದಿದೆ. ಭಾಟ್ಟರು, ಪ್ರಾಭಾಕರರು, ನೈಯಾಯಿಕರು, ಅದ್ವೈತಿಗಳು ಮುಂತಾದವರ ಮತವನ್ನು ಖಂಡಿಸುವ ಮೊದಲು ಆ ಮತವನ್ನು ಅವರ ಯುಕ್ತಿಗಳೊಡನೆಯೇ ಮುಂದಿಡಲಾಗುತ್ತದೆ. ಇದೇ ಪೂರ್ವಪಕ್ಷ. ಎದುರಾಳಿಯ ಮಾತನ್ನು ಅರ್ಧಕ್ಕೆ ಕತ್ತರಿಸಿ, ವಿಕಾರಗೊಳಿಸಿ ಗೆದ್ದರೆ ಅದು ಗೆಲುವೇ ಅಲ್ಲವೆಂಬುದು ಭಾರತೀಯ ದರ್ಶನಗಳೆಲ್ಲ ಒಪ್ಪಿಕೊಂಡ ಮರ್ಯಾದೆ. ಶ್ರೀವ್ಯಾಸತೀರ್ಥರು ನ್ಯಾಯಾಮೃತವನ್ನು ರಚಿಸಿದಾಗ ಶ್ರೀಮಧುಸೂದನ ಸರಸ್ವತಿಗಳು ಅದನ್ನು ಕಡೆಗಣಿಸದೆ, ಒಂದೊಂದು ಯುಕ್ತಿಯನ್ನೂ ಎತ್ತಿಕೊಂಡು ಅದ್ವೈತಸಿದ್ಧಿಯಲ್ಲಿ ಉತ್ತರ ಬರೆದರು. ಆ ಉತ್ತರಕ್ಕೆ ನಮ್ಮವರು ನ್ಯಾಯಾಮೃತತರಂಗಿಣಿಯಲ್ಲಿ ಮತ್ತೆ ಉತ್ತರವಿತ್ತರು. ಕನ್ನಡ ನಾಡಿನಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ದೇಶದಲ್ಲಿ ಉತ್ತರ. ಆ ಉತ್ತರಕ್ಕೆ ಪುನಃ ಪ್ರತ್ಯುತ್ತರ. ಒಬ್ಬರೂ ಮತ್ತೊಬ್ಬರಿಗೆ "ಮೊದಲು ಪ್ರಸಾದ ತಗೋ" ಎನ್ನಲಿಲ್ಲ.

ಸಿದ್ಧಾಂತದಲ್ಲಿ ಎಳ್ಳಷ್ಟೂ ಸಡಿಲವಿಲ್ಲದಿರುವುದು, ಎದುರಿನವರ ಮಾತನ್ನು ಪೂರ್ಣವಾಗಿ ಕೇಳುವುದು, ಇವೆರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವೆಂಬುದನ್ನು ಈ ನೆಲವು ಮತ್ತೆ ಮತ್ತೆ ತೋರಿಸಿದೆ. ಇದೇ ಮೊದಲನೆಯ ಶೀಲ.

ತೂಗುವ ನ್ಯಾಯ

ಜಗತ್ತು ಸತ್ಯ, ಜೀವ, ಈಶ, ಜಡಗಳ ಪಂಚಭೇದವೂ ಸತ್ಯ ಎಂಬುದು ಆಚಾರ್ಯರ ಸಿದ್ಧಾಂತ. ಈ ಸಿದ್ಧಾಂತವು ವಿದ್ವಾಂಸರ ವಾಕ್ಯಾರ್ಥಕ್ಕೆ ಮಾತ್ರ ಮೀಸಲಾದುದಲ್ಲ. ಜಗತ್ತು ಸತ್ಯವಾದರೆ ನೆರೆಯವನ ಹಸಿವು ಸತ್ಯ. ಪಡೆದ ಸಾಲ ಸತ್ಯ. ಆಳಿಗೆ ಕೊಡಬೇಕಾದ ಕೂಲಿ ಸತ್ಯ. ಹೊಲದ ಬದುವೂ ಸತ್ಯ. ಅದ್ವೈತಿಗಳೂ ವ್ಯವಹಾರದಲ್ಲಿ ಧರ್ಮವನ್ನು ಬಿಡಿರೆಂದು ಹೇಳಿದವರಲ್ಲ. ಅವರ ಪಕ್ಷವನ್ನು ಹಾಗೆ ತಿರುಚುವುದು ಮೇಲೆ ಹೇಳಿದ ಮರ್ಯಾದೆಗೆ ವಿರುದ್ಧ. ಆದರೆ ಜಗತ್ತು ಸತ್ಯವೆಂದು ಬಾಯಾರೆ ಹೇಳುವ ನಮಗೆ ಕರ್ತವ್ಯದಿಂದ ನುಣುಚಿಕೊಳ್ಳಲು ಯಾವ ನೆಪವೂ ಉಳಿದಿಲ್ಲವೆಂಬುದನ್ನು ನಾವು ಮನಗಾಣಬೇಕು.

ಆ ಹೆಣ್ಣುಮಗಳು ಹೊಲದ ವ್ಯಾಜ್ಯವನ್ನು ಎತ್ತಿದ್ದಳಷ್ಟೆ. ಅದಕ್ಕೂ ನಮ್ಮ ಭಾಗದಲ್ಲಿಯೇ ಒಂದು ದೊಡ್ಡ ಸಾಕ್ಷ್ಯವಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076ರಿಂದ 1126) ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದರು. ಕಲಬುರಗಿಯ ಸಮೀಪದ ಮರತೂರು ಅವರ ಊರೆಂದು ಈ ಭಾಗದವರು ಗೌರವದಿಂದ ಗುರುತಿಸುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಮಿತಾಕ್ಷರದ ಮುಖ್ಯ ನಿರ್ಣಯ. ಬಂಗಾಲದ ಕಡೆ ದಾಯಭಾಗದ ಪದ್ಧತಿ ನಡೆದುದನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಶತಮಾನಗಳ ಕಾಲ ಹಿಂದೂ ಕುಟುಂಬಗಳ ಪಾಲು ವಿಭಾಗವು ಮಿತಾಕ್ಷರದಂತೆ ನಡೆಯಿತು. ಬ್ರಿಟಿಷರ ನ್ಯಾಯಾಲಯಗಳೂ ಅದನ್ನೇ ಪ್ರಮಾಣವಾಗಿ ಎತ್ತಿಕೊಂಡವು.

ಈ ನಿರ್ಣಯದ ಒಳಗಿರುವ ಧರ್ಮವನ್ನು ನೋಡಬೇಕು. ಮನೆಯ ಯಜಮಾನನು ಆಸ್ತಿಯ ಒಡೆಯನಲ್ಲ, ಪಾಲಕನು. ಕುಟುಂಬದ ಸ್ಥಿರಾಸ್ತಿಯನ್ನು ಆಪತ್ತು, ಕುಟುಂಬದ ಪೋಷಣೆ, ಅವಶ್ಯವಾದ ಧರ್ಮಕಾರ್ಯ ಎಂಬ ಕಾರಣಗಳಿಲ್ಲದೆ ಅವನು ತನ್ನಿಷ್ಟದಂತೆ ಕಳೆಯುವಂತಿಲ್ಲ. ಇನ್ನೂ ಹುಟ್ಟದ ಮೊಮ್ಮಗನ ಪಾಲೂ ಅವನ ಕೈಯಲ್ಲಿ ನ್ಯಾಸವಾಗಿದೆ. ತಾತನು ಹಾಕಿದ ಮಾವಿನ ಮರವನ್ನು ಕಡಿಯಲು ನಮ್ಮ ಹಿರಿಯರು ಹಿಂಜರಿಯುತ್ತಿದ್ದುದರ ಹಿಂದೆ ಇಂಥ ಸಂಸ್ಕಾರವೇ ಇತ್ತೆಂದು ನಾವು ಭಾವಿಸುತ್ತೇವೆ.

ಈ ಪದ್ಧತಿಯಲ್ಲಿ ಒಂದು ಕೊರತೆಯೂ ಇದ್ದಿತು. ಸ್ತ್ರೀಧನದ ಅರ್ಥವನ್ನು ವಿಜ್ಞಾನೇಶ್ವರರು ವಿಸ್ತಾರಗೊಳಿಸಿದರೂ, ಹುಟ್ಟಿನ ಹಕ್ಕು ಗಂಡುಮಕ್ಕಳಿಗೆ ಮಾತ್ರ ಉಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣುಮಕ್ಕಳಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯು ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೂ, ಅನಂತರ 2005ರ ತಿದ್ದುಪಡಿಯು ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಹುಟ್ಟಿನ ಹಕ್ಕನ್ನು ಒದಗಿಸಿತು. ಮಿತಾಕ್ಷರದ ತತ್ತ್ವವನ್ನು ಅಳಿಸದೆ, ಅದರಿಂದ ಹೊರಗುಳಿದಿದ್ದವರನ್ನು ಒಳಗೆ ಕರೆದುಕೊಂಡ ಕ್ರಮವಿದು. ಪ್ರಾಚೀನವಾದುದನ್ನು ಗೌರವಿಸುವುದೆಂದರೆ ಅದನ್ನು ತೂಗಿ ನೋಡುವುದನ್ನು ಬಿಡುವುದಲ್ಲ. ಮನನವೆಂಬ ಮೆಟ್ಟಿಲಿನ ಲೋಕಾರ್ಥವು ಇದೇ.

ನಿಲ್ಲುವ ನಿಯಮ

ಕೇಳಿದುದೂ ತೂಗಿದುದೂ ಬಾಳಿನಲ್ಲಿ ನಿಲ್ಲದಿದ್ದರೆ ಪ್ರಯೋಜನವಿಲ್ಲ. ಅದಕ್ಕಾಗಿ ಹಿರಿಯರು ವ್ರತಗಳನ್ನು ಏರ್ಪಡಿಸಿದರು. ಚಾತುರ್ಮಾಸ್ಯದಲ್ಲಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳೆಂದು ತಿಂಗಳಿಗೊಂದರಂತೆ ನಾವು ಆಚರಿಸುತ್ತೇವೆ. ಮೊದಲ ತಿಂಗಳು ಕಾಯಿಪಲ್ಲೆ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳುಗಳು ವರ್ಜ್ಯ.

ನಮ್ಮ ಜಿಲ್ಲೆಯು ತೊಗರಿಯ ಕಣಜವೆಂದು ಹೆಸರಾದುದು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಹಳದಿಯ ಹೂವನ್ನು ಹೊತ್ತು ನಿಲ್ಲುವುದು ದ್ವಿದಳವ್ರತದ ಸುಮಾರಿನಲ್ಲಿಯೇ. ಹೊಲದ ತುಂಬ ತೊಗರಿ ಇರುವಾಗ, ಅಡಿಗೆಮನೆಯ ಡಬ್ಬಿಯಲ್ಲಿ ಬೇಳೆಯಿರುವಾಗ, ಒಂದು ತಿಂಗಳು ಅದನ್ನು ಮುಟ್ಟದಿರುವುದು ಜೇವರ್ಗಿ, ಆಳಂದಗಳ ಮನೆಗೆ ಸಣ್ಣ ಮಾತಲ್ಲ. ಇಲ್ಲದುದನ್ನು ಬಿಡುವುದು ಬಡತನ. ಇರುವುದನ್ನು ಮನಸಾರೆ ಬಿಡುವುದು ವ್ರತ. ಈ ಅಭ್ಯಾಸವು ಮಕ್ಕಳಿಗೆ ಯಾವ ಉಪದೇಶವೂ ಇಲ್ಲದೆ ಸಂಯಮವನ್ನು ಕಲಿಸಿತು. ನೀರಿನ ಅಭಾವವನ್ನೂ ಮಳೆಯಿಲ್ಲದ ವರ್ಷಗಳನ್ನೂ ಕಂಡ ಈ ಬಯಲುಸೀಮೆಯ ಜನರಿಗೆ ಇದ್ದುದರಲ್ಲಿ ತೃಪ್ತಿಪಡುವ ಬಲವನ್ನು ಇಂಥ ನಿಯಮಗಳು ಕೊಟ್ಟವೆಂದರೆ ಅತಿಶಯೋಕ್ತಿಯಾಗದು.

ಸಂಸ್ಕೃತವನ್ನು ಓದಲಾಗದವರಿಗೂ ಈ ಸಂಸ್ಕಾರವು ತಲುಪಿದುದು ಹರಿದಾಸರ ಕೃಪೆಯಿಂದ. ವಿಠಲನಾಮವನ್ನು ಅಂಕಿತದಲ್ಲಿ ಧರಿಸಿದ ದಾಸರು ಪ್ರಮೇಯಗಳನ್ನು ತಿಳಿಗನ್ನಡದಲ್ಲಿ ಹಾಡಿದರು. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರಂಥ ತಾಯಂದಿರು ಸ್ವತಃ ಹಾಡುಗಳನ್ನು ರಚಿಸಿದರು. ನಮ್ಮ ಅಜ್ಜಿಯರು ಬೀಸುವಾಗ, ಮೊಸರು ಕಡೆಯುವಾಗ ಹಾಡಿದ ಹಾಡುಗಳಲ್ಲಿ ತಾರತಮ್ಯವೂ ಪಂಚಭೇದವೂ ಅಡಗಿದ್ದವು. ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಲ್ಲಿ ಉರ್ದುವೇ ಪ್ರಧಾನವಾಗಿದ್ದ ದಿನಗಳಲ್ಲಿಯೂ, 1948ರ ವಿಮೋಚನೆಯವರೆಗೆ, ಈ ಭಾಗದಲ್ಲಿ ಕನ್ನಡವು ಬಾಡದಂತೆ ನೋಡಿಕೊಂಡವರಲ್ಲಿ ಹೀಗೆ ಹಾಡಿದ ಹೆಣ್ಣುಮಕ್ಕಳ ಪಾಲು ದೊಡ್ಡದು.

ನಮ್ಮನ್ನು ನಾವು ನೋಡಿಕೊಳ್ಳುವುದು

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಆತ್ಮಪ್ರಶಂಸೆಯಾದೀತು. ಆ ಮಗಳ ಪ್ರಶ್ನೆಯಲ್ಲಿದ್ದ ಮುಳ್ಳು ಹಾಗೆಯೇ ಉಳಿದೀತು. ಜೀವರಲ್ಲಿ ತಾರತಮ್ಯವಿದೆಯೆಂದು ಶಾಸ್ತ್ರವು ಹೇಳಿದುದು ಸರ್ವೋತ್ತಮನಾದ ಶ್ರೀಹರಿಯ ಮುಂದೆ ನಮ್ಮ ಅಲ್ಪತ್ವವನ್ನು ತಿಳಿಯಲೆಂದು. ನಾವಾದರೋ ಅನೇಕ ವೇಳೆ ಅದನ್ನು ನಮಗಿಂತ ಕೆಳಗಿನವರನ್ನು ಎಣಿಸಲು ಬಳಸಿದೆವು. ಬಾವಿಯ ಬಳಿ, ಪಂಕ್ತಿಯಲ್ಲಿ, ಗುಡಿಯ ಬಾಗಿಲಲ್ಲಿ ನಮ್ಮಿಂದ ನೊಂದವರು ಇದೇ ಊರುಗಳಲ್ಲಿದ್ದಾರೆ. ಇದನ್ನು ಮುಚ್ಚಿಡುವುದು ಯಥಾರ್ಥಜ್ಞಾನವನ್ನೇ ಪ್ರಮಾಣವೆಂದ ಆಚಾರ್ಯರ ಅನುಯಾಯಿಗಳಿಗೆ ಸಲ್ಲದು.

ನಮ್ಮ ಸಂಪ್ರದಾಯವೇ ಈ ದೋಷಕ್ಕೆ ಮದ್ದನ್ನೂ ಹೇಳಿದೆ. ಶ್ರೀವ್ಯಾಸರಾಜರು ಕನಕದಾಸರನ್ನು ಶಿಷ್ಯರಾಗಿ ಆದರಿಸಿದುದು ಎಲ್ಲರಿಗೂ ತಿಳಿದಿದೆ. ಮಾನವಿಯ ಶ್ರೀನಿವಾಸಾಚಾರ್ಯರ ಚರಿತ್ರೆಯೂ ಹಾಗೆಯೇ. ದೊಡ್ಡ ಸಂಸ್ಕೃತ ಪಂಡಿತರಾದ ಅವರು ವಿಜಯದಾಸರ ಕನ್ನಡ ಹಾಡುಗಳನ್ನು ಲಘುವಾಗಿ ಕಂಡರು. ಉದರವ್ಯಾಧಿಯಿಂದ ಬಳಲಿ, ಕೊನೆಗೆ ಗೋಪಾಲದಾಸರ ಬಳಿಗೆ ಹೋಗಿ ಶರಣಾದರು ಎಂದು ಸಂಪ್ರದಾಯವು ಹೇಳುತ್ತದೆ. ಆ ಪಂಡಿತರೇ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದಲ್ಲಿ ಕೊಟ್ಟರು. ಪಾಂಡಿತ್ಯವು ತಲೆಬಾಗಿದಾಗ ಮಾತ್ರ ಶೀಲವಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಆದುದರಿಂದ ಆ ಮಗಳಿಗೆ ನಮ್ಮ ಉತ್ತರವಿದು: ಧರ್ಮವೂ ದರ್ಶನವೂ ಈ ದೇಶದ ಜನರಿಗೆ ಕೇಳುವ ತಾಳ್ಮೆಯನ್ನು, ತೂಗುವ ನ್ಯಾಯವನ್ನು, ಬಿಡುವ ಸಂಯಮವನ್ನು ಕಲಿಸಿದುದು ನಿಜ, ಅದಕ್ಕೆ ಕಲ್ಲು, ಗ್ರಂಥ, ಕಾಯಿದೆ, ಅಡಿಗೆಮನೆ ಎಲ್ಲವೂ ಸಾಕ್ಷಿ. ಆದರೆ ಅವು ಆಸ್ತಿಯಂತೆ ಹುಟ್ಟಿನಿಂದ ಬರುವುದಿಲ್ಲ. ಹೊಲದಲ್ಲಿ ಮಗುವಿಗೆ ಹುಟ್ಟಿನ ಹಕ್ಕಿದೆ, ಶೀಲದಲ್ಲಿ ಇಲ್ಲ. ಅದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಗಳಿಸಬೇಕು. ಸುಧೆಯ ಹೆಸರು ಹೇಳುವ ಮನೆಯಲ್ಲಿ ವ್ಯಾಜ್ಯ ಬೆಳೆದರೆ, ಸುಧೆಯ ಹೆಸರು ಉಳಿದು ಅದರ ಅಭ್ಯಾಸವು ನಿಂತಿತೆಂದೇ ಅರ್ಥ.

ಇಂದು ನಮ್ಮ ಊರುಗಳ ಅನೇಕ ವಾಡೆಗಳಿಗೆ ಬೀಗ ಬಿದ್ದಿದೆ. ಮಕ್ಕಳು ಕಲಬುರಗಿ, ಸೊಲ್ಲಾಪುರ, ಪುಣೆ, ಬೆಂಗಳೂರು, ಇನ್ನೂ ದೂರದ ದೇಶಗಳಲ್ಲಿದ್ದಾರೆ. ಆರಾಧನೆಗೆ ವರ್ಷಕ್ಕೊಮ್ಮೆ ಬಂದಾಗ ಅವರು ತರುವ ಪ್ರಶ್ನೆಗಳು ನಮಗೆ ಒರಟಾಗಿ ಕೇಳಿಸಬಹುದು. ಆ ಪ್ರಶ್ನೆಯೂ ಒಂದು ಪೂರ್ವಪಕ್ಷವೇ. ಅದನ್ನು ಪೂರ್ತಿ ಕೇಳದೆ ಸುಮ್ಮನಾಗಿಸಿದರೆ ನಾವು ಟೀಕಾರಾಯರ ಬೃಂದಾವನಕ್ಕೆ ನಮಸ್ಕರಿಸಿ ಅವರ ಕ್ರಮಕ್ಕೆ ಬೆನ್ನು ತೋರಿಸಿದಂತೆ.

ಈ ಚಾತುರ್ಮಾಸ್ಯದಲ್ಲಿ ಮನೆಮನೆಗಳಲ್ಲಿ ಮೂರು ನಿಯಮಗಳನ್ನು ಹಿಡಿಯಬಹುದೆಂದು ವಿನಂತಿಸುತ್ತೇವೆ.

1. ಏಕಾದಶಿಯ ರಾತ್ರಿ ಹರಿಕಥೆಯ ಬಳಿಕ ಮನೆಯ ಕಿರಿಯರಿಗೆ ಒಂದು ಪ್ರಶ್ನೆಯನ್ನು ಕೇಳಲು ಅವಕಾಶ ಕೊಡುವುದು. ಅದನ್ನು ಅವರದೇ ಮಾತಿನಲ್ಲಿ ಹಿರಿಯರು ಒಮ್ಮೆ ತಿರುಗಿ ಹೇಳಿ, ಬಳಿಕ ಉತ್ತರಿಸುವುದು. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಬಲ್ಲವರನ್ನು ಕೇಳಿ ತಿಳಿಸುವುದು.

2. ಮನೆಯಲ್ಲಿ ಪಾಲಿನ, ಸಾಲದ, ಅಥವಾ ಮಾತಿನ ಜಗಳವೊಂದಿದ್ದರೆ, ಉತ್ಥಾನದ್ವಾದಶಿಯೊಳಗೆ ಎದುರಿನವರ ಪಕ್ಷವನ್ನು ಅವರ ಬಾಯಿಂದಲೇ ಒಮ್ಮೆ ಕೇಳುವುದು. ಅಕ್ಕತಂಗಿಯರ ಪಾಲನ್ನೂ ಮರೆಯದಿರುವುದು.

3. ವ್ರತದಲ್ಲಿ ಬಿಟ್ಟ ಪದಾರ್ಥದ ಜೊತೆಗೆ ಒಂದು ತಿರಸ್ಕಾರವನ್ನೂ ಬಿಡುವುದು. ಯಾರನ್ನು ಕಂಡರೆ ನಮ್ಮ ಮುಖ ಗಂಟಿಕ್ಕುತ್ತದೆಯೋ ಅವರನ್ನು ನಾವೇ ಮೊದಲು ಮಾತನಾಡಿಸುವುದು.

ಅಂದು ಸುಮ್ಮನೆ ಕುಳಿತ ಆ ಮಗಳು ಈ ಪತ್ರಿಕೆಯನ್ನು ಎಲ್ಲಿಯಾದರೂ ಓದಿದರೆ, ನಮ್ಮ ನಗುವನ್ನು ಕ್ಷಮಿಸಿ ಈ ವರ್ಷದ ಆರಾಧನೆಗೆ ಬರಲಿ. ಆಕೆಯ ಮುಂದಿನ ಪ್ರಶ್ನೆಯನ್ನು ಕೇಳಲು ನಾವು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತೇವೆ. ಎಲೆ ಹಾಕುವುದು ಸ್ವಲ್ಪ ತಡವಾದರೂ ಚಿಂತೆಯಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥